ಎಡಗೈ ಬೇಡದ ಸೈಕಲ್ಲು

ನಮ್ಮ ಮನೆಯಲ್ಲಿ ಯಾರೂ ಯಾರಿಗೂ ‘ತಪ್ಪಾಯಿತು’ ಎಂದು ಹೇಳಿದ್ದನ್ನು ನಾನು ಕೇಳಿಯೇ ಇಲ್ಲ. ಆಯಿ, ಅಂದರೆ ಅಪ್ಪನ ತಾಯಿ, ಬೆಳಿಗ್ಗೆ ನನ್ನನ್ನು ವಿನಾಕಾರಣ ಬೈದಿದ್ದರೆ ಮಧ್ಯಾಹ್ನ ನನ್ನ ರೊಟ್ಟಿಯ ಮೇಲೆ ಬೆಣ್ಣೆಯ ಮುದ್ದೆ ಒಂದಿಷ್ಟು ದೊಡ್ಡದಾಗಿ ಬೀಳುತ್ತಿತ್ತು, ಅಷ್ಟೇ. ಅವ್ವ ಸಿಟ್ಟಿನಲ್ಲಿ ಕೈ ಮಾಡಿದ್ದರೆ ಸಂಜೆ ತಲೆ ಬಾಚುವಾಗ ಬಾಚಣಿಕೆ ಬಲು ಮೆತ್ತಗೆ ಓಡುತ್ತಿತ್ತು. ಅಪ್ಪನಂತೂ ಮಾತಿನ ಬದಲು ನಟ್ಟು ಬಿಗಿಯುವ ಪಾನಾ ಹಿಡಿಯುವ ಮನುಷ್ಯ. ಅವ್ವನ ಜೊತೆ ಜಗಳವಾದ ಮರುದಿನ ಕಿರುಗುಟ್ಟುವ ಕದ ಸುಮ್ಮನಾಗಿರುತ್ತಿತ್ತು, ಕಟ್ಟಿಕೊಂಡಿದ್ದ ಸ್ಟೋವು ಭುಸ್ಸೆಂದು ನೀಲಿಯಾಗಿ ಉರಿಯುತ್ತಿತ್ತು. ನಾನು ಆ ಮನೆಯಲ್ಲಿ ಬೆಳೆದವಳು. ಈಗ ಮೊಮ್ಮಕ್ಕಳನ್ನು ಕಂಡ ಮೇಲೂ, ಗಂಡನ ಮೇಲೆ ರೇಗಾಡಿ ಮುಗಿದ ನಂತರ ನನಗೆ ಬಾಯಿಬಿಟ್ಟು ಒಂದು ಮಾತು ಹೇಳಲು ಬರುವುದಿಲ್ಲ. ಅವರ ಅಂಗಿಯ ಗುಂಡಿ ಹೊಲಿಯುತ್ತ ಕೂಡುತ್ತೇನೆ. ಗುಂಡಿ ಗಟ್ಟಿಯಾಗಿಯೇ ಇದ್ದರೂ ಬಿಚ್ಚಿ ಮತ್ತೆ ಹೊಲಿಯುತ್ತೇನೆ.

ಮನಗೂಳಿಯ ನಮ್ಮ ಮನೆ ಮಣ್ಣಿನ ಮಾಳಿಗೆಯದು. ಮುಂದಿನ ಪಡಸಾಲೆಯೇ ಅಪ್ಪನ ದುಕಾನು. ಸುತ್ತಲಿನ ಹಳ್ಳಿಗಳ ನೀರೆತ್ತುವ ಪಂಪು, ಔಷಧ ಹೊಡೆಯುವ ಪಂಪು, ಹಿಟ್ಟಿನ ಗಿರಣಿಯ ಎಂಜಿನ್ನು ಎಲ್ಲ ಅಲ್ಲಿ ಹೊಟ್ಟೆ ತೆರೆದುಕೊಂಡು ಬಿದ್ದಿರುತ್ತಿದ್ದವು. ಅದರ ಹಿಂದೆ ದೇವರ ಜಗಲಿ ಇರುವ ನಡುಮನೆ, ಅದರ ಹಿಂದೆ ಅಡುಗೆಮನೆ. ಡೀಸೆಲ್ಲಿನ ವಾಸನೆ ಒಳಗೆ ಬರಬಾರದೆಂದು ಅವ್ವ ನಡುವೆ ಒಂದು ಗೋಣಿತಟ್ಟು ಇಳಿಬಿಟ್ಟಿದ್ದಳು. ವಾಸನೆ ಮಾತ್ರ ಸಾರಿನೊಳಗೂ ಬರುತ್ತಿತ್ತು. ಅವ್ವ ಬಸ್ಸು ಹೋಗದ ಒಂದು ಹಳ್ಳಿಯ ಶಾಲೆಯಲ್ಲಿ ಶಿಕ್ಷಕಿ. ನಾನು ಹಾಸಿಗೆಯಲ್ಲಿ ಇರುವಾಗಲೇ ರೊಟ್ಟಿ ಬಡಿದು ಮುಗಿಸಿ, ಸೀರೆಯ ನೆರಿಗೆಯನ್ನು ಮೇಲಕ್ಕೆ ಸಿಕ್ಕಿಸಿಕೊಂಡು, ಚೀಲವನ್ನು ಕ್ಯಾರಿಯರಿಗೆ ಕಟ್ಟಿ ಸೈಕಲ್ ಹತ್ತಿ ಹೋಗುತ್ತಿದ್ದಳು. ಬರುವಾಗ ದೀಪ ಹಚ್ಚುವ ಹೊತ್ತು. ನಾನು ಶಾಲೆಯಿಂದ ಬಂದು ಹೊಸ್ತಿಲಲ್ಲಿ ನಿಂತು ‘ಅವ್ವಾ’ ಎಂದು ಕೂಗಿದರೆ ಮುಂದಿನಿಂದ ಸುತ್ತಿಗೆಯ ಸದ್ದು, ಹಿಂದಿನಿಂದ ಆಯಿಯ ಕೆಮ್ಮು. ಅಲ್ಲಿ ಇಲ್ಲವೆಂದು ಗೊತ್ತಿದ್ದೂ ದಿನಾ ಕೂಗುತ್ತಿದ್ದೆ.

ಅವ್ವನ ಕೈಗೆ ಪೆಟ್ಟಾದದ್ದು ಅವಳು ಶಾಲೆಗೆ ಹೊರಟು ನಿಂತಿದ್ದಾಗ. ಅಪ್ಪ ಒಂದು ಪಂಪಿನ ಎಂಜಿನ್ನಿಗೆ ಪಟ್ಟೆ, ಅಂದರೆ ಬೆಲ್ಟು, ಏರಿಸುತ್ತಿದ್ದ. ಪಟ್ಟೆ ಜಾರುತ್ತಿತ್ತು. ಬಾಗಿಲು ದಾಟುತ್ತಿದ್ದ ಅವ್ವನನ್ನು ಕರೆದ.

“ಒಂದ ಚೂರ ಹಿಡಿ ಬಾ ಇಲ್ಲಿ. ಹಿಂಗ ಒತ್ತಿ ಹಿಡಿ.”

“ನನಗ ಹೊತ್ತಾಗೇತ್ರಿ.”

“ಒಂದ ಚೂರ ಅಂದ್ನೆಲ್ಲ.”

ಅವ್ವ ಬಲಗೈಯಲ್ಲಿ ಚೀಲ ಹಿಡಿದುಕೊಂಡೇ ಎಡಗೈಯಿಂದ ಒತ್ತಿದಳು. ಅವಳು ಕೈ ತೆಗೆದಳೆಂದುಕೊಂಡು ಅಪ್ಪ ಹ್ಯಾಂಡಲ್ ತಿರುಗಿಸಿದ. ಆಮೇಲಿನದನ್ನು ನಾನು ನೋಡಲಿಲ್ಲ, ಕೇಳಿದೆ. ದವಾಖಾನೆಯಲ್ಲಿ ಬೆರಳುಗಳನ್ನು ಉಳಿಸಿದರು. ಆದರೆ ನರ ಕಡಿದುಹೋಗಿ ಹೆಬ್ಬೆರಳೊಂದನ್ನು ಬಿಟ್ಟು ಉಳಿದವು ಮಡಚಲಾರದೆ ಹಾಗೇ ನಿಂತುಬಿಟ್ಟವು. ಕೈ ಇತ್ತು, ಮುಷ್ಟಿ ಇರಲಿಲ್ಲ. ಅಪ್ಪ ಅವ್ವನಿಗೆ ಏನನ್ನೂ ಹೇಳಲಿಲ್ಲ. ಹೇಳದೆ ಮನೆಯಲ್ಲಿದ್ದ ಒಂದೊಂದೇ ವಸ್ತುವನ್ನು ಒಂಟಿಗೈಗೆ ಒಗ್ಗಿಸತೊಡಗಿದ. ಕೊಡಕ್ಕೆ ಕೊಕ್ಕೆ ಹಾಕಿದ, ಬಾವಿಯ ರಾಟೆಗೆ ಹಗ್ಗ ಜಾರದಂತೆ ತಡೆ ಕೂಡಿಸಿದ, ಡಬ್ಬಿಗಳ ಬಿಗಿ ಮುಚ್ಚಳಗಳನ್ನು ಅರದಿಂದ ತಿಕ್ಕಿ ಸಡಿಲ ಮಾಡಿದ. ಅವನು ಹಾಗೆ ತಿಕ್ಕುತ್ತಿದ್ದರೆ ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು.

ಇನ್ನು ನನ್ನ ಸಂಗತಿ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಆ ತಿಂಗಳುಗಳಷ್ಟು ಸುಖದಲ್ಲಿ ನಾನು ಬಾಲ್ಯದಲ್ಲಿ ಯಾವತ್ತೂ ಇರಲಿಲ್ಲ. ಶಾಲೆಯಿಂದ ಬಂದು ‘ಅವ್ವಾ’ ಎಂದರೆ ‘ಓ’ ಎಂಬ ಉತ್ತರ ಬರುತ್ತಿತ್ತು. ಒಂದೇ ಕೈಯಿಂದ ಹೆರಳು ಹಾಕಲು ಬಾರದು, ಹಾಗಾಗಿ ನನ್ನ ಹೆರಳನ್ನು ನಾವಿಬ್ಬರೂ ಸೇರಿ ಹಾಕುತ್ತಿದ್ದೆವು. ಕೂದಲಿನ ಒಂದು ಎಳೆ ನನ್ನ ಕೈಯಲ್ಲಿ, ಉಳಿದೆರಡು ಅವಳ ಬಲಗೈಯಲ್ಲಿ, ಅವಳು ‘ಕೊಡು’ ಎಂದಾಗ ಕೊಡಬೇಕು, ‘ತಗೋ’ ಎಂದಾಗ ತೆಗೆದುಕೊಳ್ಳಬೇಕು. ಸೊಟ್ಟಗಾಗುತ್ತಿತ್ತು. ಶಾಲೆಯಲ್ಲಿ ಹುಡುಗಿಯರು ನಗುತ್ತಿದ್ದರು. ನಾನು ಆ ಸೊಟ್ಟ ಹೆರಳನ್ನು ಎದೆಯ ಮೇಲೆ ಎಳೆದುಕೊಂಡು ಮೆರೆಯುತ್ತಿದ್ದೆ. ದೇವರ ಮುಂದೆ ನಿಲ್ಲಿಸಿ ಆಯಿ ‘ಅವ್ವನ ಕೈ ಲಗೂನ ನೆಟ್ಟಗಾಗಲಿ ಅನ್ನು’ ಎಂದು ಹೇಳಿಕೊಟ್ಟರೆ ನಾನು ‘ಲಗೂನ’, ಅಂದರೆ ಬೇಗ, ಎಂಬುದನ್ನು ನುಂಗಿಕೊಂಡು ಉಳಿದದ್ದನ್ನಷ್ಟೇ ಹೇಳುತ್ತಿದ್ದೆ. ದೇವರಿಗೆ ಮೋಸ ಮಾಡುತ್ತಿದ್ದೇನೆಂದು ಗೊತ್ತಿತ್ತು. ಮರುದಿನ ಮತ್ತೆ ಹಾಗೆಯೇ ಹೇಳುತ್ತಿದ್ದೆ.

ಅವ್ವನಿಗೆ ಮಾತ್ರ ಮನೆ ಮೈಗೆ ಹತ್ತುತ್ತಿರಲಿಲ್ಲ. ಒಮ್ಮೆ ಆ ಹಳ್ಳಿಯ ಇಬ್ಬರು ಹುಡುಗಿಯರು ಹಸಿ ಕಡಲೆಯ ಗಿಡದ ಕಟ್ಟು ಹೊತ್ತುಕೊಂಡು ನಡೆದೇ ಬಂದರು. ಹೊಸ್ತಿಲಾಚೆ ನಿಂತು, “ಅಕ್ಕೋರ, ಯಾವಾಗ ಬರ್ತೀರಿ? ನಮಗ ಯಾರೂ ಕಲಸವಲ್ರು” ಎಂದರು. ಅವ್ವ ಅವರಿಬ್ಬರನ್ನೂ ಒಳಗೆ ಕರೆದು, ಬಲಗೈಯಿಂದ ಒಬ್ಬೊಬ್ಬಳ ಗಲ್ಲ ಹಿಡಿದು, ಗಣಿತದ ಬಾಯಿಪಾಠ ಕೇಳಿ, ಆಮೇಲೆ ಅಡುಗೆಮನೆಗೆ ಹೋಗಿ ಅತ್ತಳು. ನಾನು ಆ ಹುಡುಗಿಯರಿಗೆ ನೀರು ಕೊಟ್ಟೆ. ಕೊಡುವಾಗ ಬೇಕೆಂದೇ ಸೊಟ್ಟಾದ ಹಳೆಯ ಲೋಟದಲ್ಲಿ ಕೊಟ್ಟೆ. ಅವರು ಹೋದ ಸ್ವಲ್ಪ ದಿನಕ್ಕೆ ಆ ಶಾಲೆಯ ದೊಡ್ಡ ಗುರುಗಳು ಹೇಳಿಕಳಿಸಿದರು. ಎಳ್ಳ ಅಮಾವಾಸ್ಯೆಯ ಮರುದಿನ ಅವ್ವನ ರಜೆ ಮುಗಿಯುತ್ತದೆ, ಅವತ್ತು ಹಾಜರಾಗದಿದ್ದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ, ತಮ್ಮ ಕೈಯಲ್ಲಿ ಏನೂ ಇಲ್ಲ. ನಡೆದು ಹೋಗಿಬರುವಷ್ಟು ಹತ್ತಿರದ ಹಳ್ಳಿ ಅದಲ್ಲ. ಆ ಕಲ್ಲುಹಾದಿಯಲ್ಲಿ ಪೆಡಲು ತುಳಿದುಕೊಂಡು ಸೈಕಲ್ಲನ್ನು ಒಂದೇ ಕೈಯಲ್ಲಿ ಸಂಭಾಳಿಸುವುದೂ ಆಗದ ಮಾತು.

“ಕೈ ಹೋದ ಮ್ಯಾಲ ಸಾಲಿ ಯಾಕ ಬೇಕು? ಇರಲಿ ಮನ್ಯಾಗ. ನಾ ಇರೂತನಕಾ ರೊಟ್ಟಿ ಬಡದ ಹಾಕ್ತೇನಿ,” ಎಂದಳು ಆಯಿ.

“ಅತ್ತಿ, ರೊಟ್ಟಿ ಸಲುವಾಗಿ ನಾ ಹೊಂಟಿದ್ದಿಲ್ರಿ,” ಎಂದಳು ಅವ್ವ.

ಅವತ್ತು ಊಟಕ್ಕೆ ಕುಳಿತವರು ಯಾರೂ ಎರಡನೆಯ ಸಲ ಸಾರು ಹಾಕಿಸಿಕೊಳ್ಳಲಿಲ್ಲ. ಆಯಿಯ ಮಾತು ನನಗೆ ಸಕ್ಕರೆಯಂತಿತ್ತು. ಅವ್ವನ ಮುಖದ ಕಡೆ ಮಾತ್ರ ನೋಡದೆ ಊಟ ಮುಗಿಸಿದೆ.

ಅಪ್ಪನ ಹತ್ತಿರ ಒಂದು ಎಂಜಿನ್ ಸೈಕಲ್ಲು ಇತ್ತು. ಬೆನ್ನಿಗೆ ಹಾಕಿಕೊಂಡು ಹತ್ತಿಗೆ ಔಷಧ ಹೊಡೆಯುವ ಪಂಪಿನ ಪುಟ್ಟ ಪೆಟ್ರೋಲ್ ಎಂಜಿನ್ನನ್ನು ಪೆಡಲು ಕಿತ್ತ ಹಳೆಯ ಸೈಕಲ್ಲಿಗೆ ಕೂಡಿಸಿ ಅವನೇ ಮಾಡಿಕೊಂಡದ್ದು. ಹಗ್ಗ ಎಳೆದರೆ ಶುರುವಾಗುತ್ತಿತ್ತು. ಆದರೆ ಅದಕ್ಕೆ ಎಡಗೈಯ ಹಿಡಿಕೆಯೇ ಜೀವ. ಹಿಡಿಕೆ ಒತ್ತಿದರೆ ಎಂಜಿನ್ನಿಗೂ ಚಕ್ರಕ್ಕೂ ನಂಟು ತಪ್ಪುತ್ತಿತ್ತು, ಬಿಟ್ಟರೆ ಕೂಡುತ್ತಿತ್ತು. ನಿಲ್ಲುವಾಗ ಒತ್ತಿ, ಹೊರಡುವಾಗ ಮೆಲ್ಲಗೆ ಬಿಡಬೇಕು. ಬಿಗಿಯಾದ ಹಿಡಿಕೆ, ಗಂಡಸರ ಕೈಯೇ ನೋಯುತ್ತಿತ್ತು. ಒಂದು ದಿನ ಅಪ್ಪ ಇಂಡಿಗೆ ಹೋಗಿ ಗುಜರಿಯಿಂದ ಯಾವುದೋ ಸತ್ತ ಮೊಪೆಡ್ಡಿನ ಕ್ಲಚ್ಚು ತಂದ. ಚಿಕ್ಕ ಪಾತ್ರೆಯಂಥ ಒಂದು ಡ್ರಮ್ಮು, ಅದರೊಳಗೆ ಸ್ಪ್ರಿಂಗಿನಿಂದ ಕಟ್ಟಿದ, ಬೆನ್ನಿಗೆ ಒರಟು ಪಟ್ಟಿ ಅಂಟಿಸಿದ ಎರಡು ಕಬ್ಬಿಣದ ರೆಕ್ಕೆ. ಅದನ್ನು ಪಡಸಾಲೆಯ ನೆಲದ ಮೇಲಿಟ್ಟು ನನ್ನನ್ನು ಕರೆದ. ಅವ್ವನಿಗೆ ಹೇಳಲಾರದ್ದನ್ನು ಅವನು ನನಗೆ ಹೇಳುತ್ತಿದ್ದ. ಗೋಣಿತಟ್ಟಿನ ಆಚೆಗೆ ಕೇಳಲಿ ಎಂದು.

“ಸುಮಿ, ನೀ ಗಿರಗಿರ ತಿರಗಿದ್ರ ನಿನ್ನ ಲಂಗಾ ಏನಾಗತೈತಿ?”

“ಅರಳತೈತಿ.”

“ನಿಂತ್ರ?”

“ಕಾಲಿಗೆ ಬಂದು ಬೀಳತೈತಿ.”

“ಹಾಂ. ಇದೂ ಹಂಗ. ಎಂಜಿನ್ ಮೆಲ್ಲಕ ತಿರಗತಿದ್ರ ಈ ರೆಕ್ಕಿ ಸುಮ್ನ ಒಳಗ ಕುಂತಿರ್ತಾವು. ಗಾಡಿ ನಿಂತ ಇರತೈತಿ. ಬಲಗೈ ಹಿಡಿಕಿ ತಿರುವಿ ಗಾಳಿ ಕೊಟ್ಟು ಜೋರ ಮಾಡಿದ್ಯೋ, ಹೊರಗ ಅರಳಿ ಡ್ರಮ್ಮಿಗೆ ಗಪ್ಪನ ಹಿಡ್ಕೋತಾವು. ಗಾಡಿ ಹೊಂಡತೈತಿ. ಬಲಗೈ ಒಂದ ಸಾಕು. ಎಡಗೈಗೆ ಏನೂ ಕೆಲಸಿಲ್ಲ.”

ಗೋಣಿತಟ್ಟು ಸರಿಯಿತು. ಅವ್ವ ನಿಂತಿದ್ದಳು.

“ನನ್ನ ಎಡಗೈಗೆ ಏನೂ ಕೆಲಸಿಲ್ಲ ಅಂತ ನೀವ ಹೇಳಬ್ಯಾಡ್ರಿ,” ಎಂದಳು. “ಯಂತ್ರದಾಗ ಕೊಟ್ಟ ಕೈ ಇದು. ಈಗ ಇನ್ನೊಂದು ಯಂತ್ರದ ಮ್ಯಾಲ ಕುಂಡ್ರಸ್ತೀರೇನು ನನ್ನ?”

ಅಪ್ಪ ತಲೆ ತಗ್ಗಿಸಿ ಅರ ತೆಗೆದುಕೊಂಡ. ತಿಕ್ಕಬೇಕಾದದ್ದು ಏನೂ ಇರಲಿಲ್ಲ, ಆದರೂ ಡ್ರಮ್ಮಿನ ಅಂಚನ್ನು ತಿಕ್ಕುತ್ತಲೇ ಇದ್ದ.

ಕ್ಲಚ್ಚು ಸುಲಭಕ್ಕೆ ಕೂಡಲಿಲ್ಲ. ಅದರ ತೂತು ದೊಡ್ಡದು, ಎಂಜಿನ್ನಿನ ದಂಡ ಸಣ್ಣದು. ಸಿಂದಗಿಯಲ್ಲಿ ಲೇತ್ ಇದ್ದ ಗೆಳೆಯನ ಹತ್ತಿರ ಹೋಗಿ ನಡುವೆ ಕೂಡುವ ಬುಷ್ ಕಡೆಸಿಕೊಂಡು ಬಂದ. ಅದು ಕೂದಲೆಳೆಯಷ್ಟು ಓರೆಯಾಗಿ ಚೈನು ಕಳಚಿತು, ಮತ್ತೆ ಹೋದ. ಮೊದಲು ಹಾಕಿದ ಸ್ಪ್ರಿಂಗು ಬಿಗಿಯಾಗಿ, ಎಂಜಿನ್ನು ಅರಚಿ ಅರಚಿ ಕೊನೆಗೆ ಸೈಕಲ್ಲು ಹಗ್ಗ ಬಿಚ್ಚಿದ ಹೋತದಂತೆ ಜಿಗಿಯಿತು. ಆಮೇಲೆ ಹಾಕಿದ್ದು ಸಡಿಲಾಗಿ, ನಿಲ್ಲಿಸಿದಲ್ಲಿ ನಿಲ್ಲದೆ ತೆವಳತೊಡಗಿತು. ಒಂದೊಂದು ಸ್ಪ್ರಿಂಗಿಗೂ ಅಪ್ಪ ತಾನೇ ಹತ್ತಿ ಪರೀಕ್ಷೆ ಮಾಡುತ್ತಿದ್ದ. ಹಾಗೆ ಹತ್ತುವ ಮುಂಚೆ ನನ್ನನ್ನು ಕರೆದು, ಎಡಗೈಯನ್ನು ಬೆನ್ನ ಹಿಂದೆ ಒಯ್ದು ಟವೆಲಿನಿಂದ ಬಿಗಿಯಾಗಿ ಕಟ್ಟಿಸಿಕೊಳ್ಳುತ್ತಿದ್ದ. ಕಟ್ಟಿಸಿಕೊಂಡು ಬಜಾರದ ತುಂಬ ಓಡಿಸುತ್ತಿದ್ದ. ಚಹಾದಂಗಡಿಯವರು ಎದ್ದುನಿಂತು ಕೂಗುತ್ತಿದ್ದರು, ‘ಯಾರ ಕಟ್ಟಿ ಹಾಕ್ಯಾರೋ ಮಿಸ್ತ್ರಿ?’ ಎಂದು. ಎಲ್ಲರಿಗೂ ನಗೆ. ಒಮ್ಮೆ ಬಿದ್ದ, ಮೊಣಕೈ ಸುಲಿಯಿತು. ನೀರು ಹಾಕಲು ಹೋದರೆ ಬೇಡವೆಂದ. ‘ಇರಲಿ ಬಿಡು’ ಎನ್ನುವಾಗ ಅವನ ಮುಖದ ಮೇಲೆ ಒಂಥರಾ ಸಮಾಧಾನವಿತ್ತು. ಬೀಳುವುದಕ್ಕೇ ಕಾದಿದ್ದವನ ಹಾಗೆ.

ಅವ್ವ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತ ಇದನ್ನೆಲ್ಲ ನೋಡುತ್ತಿದ್ದಳು. ಕಟ್ಟಿದ ಕೈಯನ್ನೂ ನೋಡಿದಳು. ಅಪ್ಪ ಬಿದ್ದ ದಿನ ಸಂಜೆ ಪಡಸಾಲೆಗೆ ತಾನಾಗಿ ಬಂದಳು. ಪೆಟ್ಟಾದ ಮೇಲೆ ಅವಳು ಆ ನೆಲದ ಮೇಲೆ ಕಾಲಿಟ್ಟಿರಲೇ ಇಲ್ಲ. ಸೈಕಲ್ಲಿನ ಸುತ್ತ ಒಂದು ಸುತ್ತು ಹಾಕಿ, ಹುಡುಗರ ಪಾಟಿ ತಿದ್ದುವವಳಂತೆ ಬಗ್ಗಿ ನೋಡಿದಳು.

“ಬ್ರೇಕ ಯಾ ಕೈಯಾಗ ಐತ್ರಿ?”

ಅಪ್ಪ ಹ್ಯಾಂಡಲ್ಲಿನ ಕಡೆ ಬಗ್ಗಿದ. ಮುಂದಿನ ಬ್ರೇಕು ಬಲಕ್ಕಿತ್ತು, ಹಿಂದಿನದು ಎಡಕ್ಕೇ ಇತ್ತು. ಅಷ್ಟು ದಿನ ಕಟ್ಟಿದ ಕೈಯಿಂದ ಓಡಿಸಿದವನು ನಿಲ್ಲಿಸುವಾಗ ಕಾಲು ಕೊಟ್ಟು ನಿಲ್ಲಿಸಿದ್ದ. ಕ್ಲಚ್ಚಿನ ಧ್ಯಾನದಲ್ಲಿ ಅದು ಲಕ್ಷ್ಯಕ್ಕೇ ಬಂದಿರಲಿಲ್ಲ.

“ಹೊಂಡೂದು ಕಲಸೀರಿ, ನಿಲ್ಲೂದು?” ಎಂದಳು ಅವ್ವ.

ಅಪ್ಪ ನಕ್ಕುಬಿಟ್ಟ. ಅವ್ವನೂ ನಕ್ಕಳು. ಎಷ್ಟು ದಿನಗಳ ಮೇಲೆ ಆ ಮನೆಯಲ್ಲಿ ನಗೆ ಕೇಳಿತ್ತು. ಮರುದಿನವೇ ಎರಡೂ ಬ್ರೇಕಿನ ತಂತಿಗಳು ಬಲಗೈಯ ಒಂದೇ ಹಿಡಿಕೆಗೆ ಬಂದವು. ಅವರಿಬ್ಬರೂ ನಗುತ್ತಿದ್ದಾಗ ನಾನು ದೇವರ ಜಗಲಿಯ ಹತ್ತಿರ ಹೋಗಿ ಕುಳಿತಿದ್ದೆ. ಬ್ರೇಕಿನ ವಿಚಾರ ಕೇಳಿದವಳು ಹೋಗಿಯೇ ಹೋಗುತ್ತಾಳೆ ಎಂದು ನನಗೆ ತಿಳಿದುಹೋಗಿತ್ತು. ತಾಯಿ ನಕ್ಕದ್ದಕ್ಕೆ ದುಃಖಪಟ್ಟ ಮಗಳು ನಾನು.

ಎಳ್ಳ ಅಮಾವಾಸ್ಯೆಯ ದಿನ ಬೆಳಿಗ್ಗೆ ಸೈಕಲ್ಲಿಗೆ ಪೂಜೆ ಇಟ್ಟುಕೊಂಡರು. ಅಪ್ಪ ಕ್ಲಚ್ಚಿನ ಪಟ್ಟಿಗಳನ್ನು ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ, ಎಲ್ಲರೂ ನೋಡಲೆಂದು ಮುಚ್ಚಳ ಹಾಕದೆ ಬಿಟ್ಟಿದ್ದ. ಅಷ್ಟು ದಿನ ಸೈಕಲ್ಲಿನ ಕಡೆ ತಿರುಗಿಯೂ ನೋಡದಿದ್ದ ಆಯಿ ಅವತ್ತು ಸ್ನಾನ ಮಾಡಿ ಮಡಿ ಸೀರೆ ಉಟ್ಟು ತಾನೇ ಮುಂದೆ ಬಂದಳು. ಹೊರ್ತಿಯ ತವರಿನಿಂದ ಬಂದಿದ್ದ ಲಿಂಬೆಹಣ್ಣನ್ನು ಚಕ್ರದ ಕೆಳಗಿಟ್ಟಳು, ಎಂಜಿನ್ನಿಗೆ ಕುಂಕುಮ ಹಚ್ಚಿದಳು. ಆಮೇಲೆ ಸೆರಗಿನ ಮರೆಯಿಂದ ಹಿತ್ತಾಳೆಯ ಗಿಂಡಿ ತೆಗೆದಳು. ಅದರ ತುಂಬ ಹೊಸ ಕುಸುಬೆ ಎಣ್ಣೆ. ಆಯಿ ಒಕ್ಕಲುತನದ ಮನೆಯ ಮಗಳು. ಬಂಡಿಯ ಅಚ್ಚಿರಲಿ, ಬಾವಿಯ ರಾಟೆಯಿರಲಿ, ಬೀಸುವ ಕಲ್ಲಿನ ಗೂಟವಿರಲಿ, ತಿರುಗುವ ವಸ್ತು ಮೊದಲ ಸುತ್ತು ತಿರುಗುವ ಮುಂಚೆ ಮನೆಯ ಹಿರಿಯರ ಕೈಯಿಂದ ಎಣ್ಣೆ ಕುಡಿಯಬೇಕು ಎಂಬುದು ಅವರಲ್ಲಿ ನಡೆದುಬಂದ ಪದ್ಧತಿ. ಅಪ್ಪ ಕೈ ಚಾಚುವುದರೊಳಗೆ ಆಯಿ ಗಿಂಡಿಯನ್ನು ಕ್ಲಚ್ಚಿನ ಮೇಲೆ ಬಗ್ಗಿಸಿಬಿಟ್ಟಿದ್ದಳು.

“ಒಣಾ ತಿರಗಬಾರದಪ್ಪಾ. ಹೊಟ್ಟಿ ತುಂಬ ಕುಡದು ತಿರಗಲಿ. ನನ್ನ ಸೊಸಿ ಸುಖರೂಪ ಸಾಲಿಗಿ ಹೋಗಿ ಬರಲಿ.”

ಮನೆಯಲ್ಲಿರಲಿ ಎಂದು ಹಟ ಹಿಡಿದಿದ್ದ ಬಾಯಿಂದ ಆ ಮಾತು ಬಂತು. ಅವ್ವನ ಕಣ್ಣು ತುಂಬಿದವು. ಬಗ್ಗಿ ಆಯಿಯ ಕಾಲು ಮುಟ್ಟಿದಳು. ಆಯಿ ಅವಳ ಆ ಕೈಯನ್ನು, ಮಡಚದ ಕೈಯನ್ನೇ, ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಳು. ಅಪ್ಪ ಮಾತ್ರ ಕ್ಲಚ್ಚನ್ನೇ ನೋಡುತ್ತಿದ್ದ. ಒಣಗಿದ್ದರೆ ಮಾತ್ರ ಹಿಡಿಯುವ ಪಟ್ಟಿ ಅದು. ಎಣ್ಣೆ ಬಿದ್ದರೆ ಜಾರುತ್ತದೆ. ಅದನ್ನು ಹೇಳಲು ಅವನ ತುಟಿ ಅಲುಗಿತು. ಹೇಳಿದ್ದರೆ ಆಯಿಯ ಹಾರೈಕೆಯೇ ತಪ್ಪು ಎಂದ ಹಾಗಾಗುತ್ತಿತ್ತು. ಹೇಳಲಿಲ್ಲ. ಮಧ್ಯಾಹ್ನ ಎಲ್ಲರೂ ಹಬ್ಬದೂಟ ಮಾಡಿ ಮಲಗಿದಾಗ ಪೆಟ್ರೋಲಿನ ಅರಿವೆಯಿಂದ ಒರೆಸಿದ, ಮತ್ತೆ ಒರೆಸಿದ. ಪಟ್ಟಿ ಆಗಲೇ ಎಣ್ಣೆ ಹೀರಿ ಕಪ್ಪಗಾಗಿತ್ತು. ಹೊಸ ಪಟ್ಟಿ ತರಲು ಹಬ್ಬದ ದಿನ ಯಾವ ಅಂಗಡಿ ತೆರೆದಿರುತ್ತದೆ?

“ಆಯಿ ಮುಂದ ಬಾಯಿ ಬಿಡಬ್ಯಾಡ,” ಎಂದ ನನಗೆ. “ಓಡತೈತಿ. ಓಡಲಾರದ ಏನು.”

ಅವನು ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದನೆಂದು ನನಗೆ ಗೊತ್ತಾಯಿತು. ಓಡದಿದ್ದರೆ ಅವ್ವ ಹೋಗುವುದಿಲ್ಲ. ನನ್ನೊಳಗೆ ಒಂದು ಸಣ್ಣ ಆಸೆ ತಲೆ ಎತ್ತಿತು. ಆ ರಾತ್ರಿ ಉಳಿದಿದ್ದ ಹಬ್ಬದ ಹೋಳಿಗೆಯನ್ನು ನಾನು ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಗೆ ಬಂದಳು. ಸ್ಟ್ಯಾಂಡಿನ ಮೇಲೆ ನಿಂತ ಸೈಕಲ್ಲಿನ ಹಗ್ಗವನ್ನು ಬಲಗೈಯಿಂದ ಎಳೆದಳು. ಎಂಜಿನ್ನು ಡುರ್ರೆಂದಿತು. ಚಕ್ರ ಸುಮ್ಮನಿತ್ತು. ಸ್ಟ್ಯಾಂಡು ಇಳಿಸಿ, ಹತ್ತಿ ಕುಳಿತು, ಎಡಗೈಯನ್ನು ಹ್ಯಾಂಡಲ್ಲಿನ ಮೇಲೆ ಸುಮ್ಮನೆ ಇಟ್ಟು, ಬಲಗೈಯಿಂದ ಗಾಳಿ ಕೊಟ್ಟಳು. ಸೈಕಲ್ಲು ಹೊರಟಿತು. ಅಪ್ಪ ಹಿಂದೆಯೇ ಓಡಲು ನೋಡಿದ.

“ನೀವ ಬರಬ್ಯಾಡ್ರಿ. ನೀವ ಹಿಂದಿದ್ರ ನನ್ನ ಕೈ ನಡಗತೈತಿ,” ಎಂದಳು ಅವ್ವ.

ಅಪ್ಪ ಓಣಿಯ ಮೂಲೆಯಲ್ಲೇ ನಿಂತ. ನಾನು ಓಡಿದೆ. ನನ್ನನ್ನು ಯಾರೂ ಬೇಡವೆನ್ನಲಿಲ್ಲ. ಸಮ ರಸ್ತೆಯಲ್ಲಿ ಅವ್ವ ಚೆನ್ನಾಗಿಯೇ ಹೋದಳು. ಊರ ಹೊರಗೆ ದಿಬ್ಬ ಶುರುವಾದಲ್ಲಿ ಎಂಜಿನ್ನು ಒಮ್ಮೆಲೇ ಅರಚತೊಡಗಿತು. ಅರಚಿದಷ್ಟೂ ಸೈಕಲ್ಲು ನಿಧಾನವಾಯಿತು. ದಿಬ್ಬದ ನಡುವೆ ನಿಂತೇಬಿಟ್ಟಿತು. ಅವ್ವ ಕಾಲು ಕೊಟ್ಟಳು. ಕ್ಲಚ್ಚಿನಿಂದ ಹೊಗೆ ಬರುತ್ತಿತ್ತು, ಬಜಿ ಕರಿದಂಥ ವಾಸನೆ. ಅವ್ವ ಮುಂದಿನ ಹಾದಿ ನೋಡಿದಳು. ಹಿಂದೆ ತಿರುಗಲಿಲ್ಲ. ನಾನು ಏದುಸಿರು ಬಿಡುತ್ತ ಹತ್ತಿರ ಹೋದೆ.

“ಸುಮಿ, ಹಿಂದ ಕೈ ಕೊಡು. ದಿಬ್ಬಾ ಒಂದ ದಾಟಲಿ.”

ಅವಳು ಗಾಳಿ ಕೊಟ್ಟಳು. ನಾನು ಕ್ಯಾರಿಯರಿಗೆ ಎರಡೂ ಕೈ ಹಚ್ಚಿದೆ. ಎಂಜಿನ್ನು ಅರಚಿತು, ಹೊಗೆ ಎದ್ದಿತು, ಸೈಕಲ್ಲು ಮಿಸುಕಾಡಲಿಲ್ಲ. ನನ್ನ ಬೆರಳುಗಳು ಕ್ಯಾರಿಯರಿನ ಸರಳನ್ನು ಸುತ್ತಿಕೊಂಡಿದ್ದವು. ಕಾಲು ಮಣ್ಣಿನಲ್ಲಿ ಗಟ್ಟಿಯಾಗಿ ಊರಿದ್ದವು. ನಾನು ತಳ್ಳುತ್ತಿದ್ದೇನೆಂದೇ ತಿಳಿದುಕೊಂಡಿದ್ದೆ, ದೇವರಾಣೆಗೂ. ಅವ್ವ ಗಾಳಿ ಇಳಿಸಿದಳು. ಎಂಜಿನ್ನು ಸಣ್ಣ ದನಿಗೆ ಬಂತು. ಆಗಲೂ ಅವಳು ಹಿಂದೆ ನೋಡಲಿಲ್ಲ.

“ಹಿಡೀಬ್ಯಾಡ ಸುಮಿ,” ಎಂದಳು. ಸಿಟ್ಟಿನ ದನಿಯಲ್ಲ ಅದು. ನನ್ನ ತಲೆ ಬಾಚುವಾಗಿನ ದನಿ. “ನನಗ ಗೊತ್ತೈತಿ ನನ ಮಗಳ. ಈಗ ಹಿಡೀಬ್ಯಾಡ. ನೂಕು.”

ನಾನು ಬೆರಳು ಬಿಚ್ಚಿದೆ. ಅಂಗೈ ಚಪ್ಪಟೆ ಮಾಡಿ ಇಟ್ಟು, ತಲೆ ತಗ್ಗಿಸಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ನೂಕಿದೆ. ಸೈಕಲ್ಲು ಒಂದು ಗೇಣು ಸರಿಯಿತು, ಇನ್ನೊಂದು ಗೇಣು. ಹೊಗೆ ಕಣ್ಣಿಗೆ ಹೊಕ್ಕಿತು. ಕಾದು ಕಾದು ಎಣ್ಣೆ ಸುಟ್ಟುಹೋಗಿ ಪಟ್ಟಿ ಡ್ರಮ್ಮನ್ನು ಹಿಡಿದಿತ್ತು ಎಂದು ಅಪ್ಪ ಆಮೇಲೆ ಹೇಳಿದ. ನನಗೆ ತಿಳಿದದ್ದಿಷ್ಟೇ, ನೂಕುತ್ತಿದ್ದ ಕೈಗೆ ಏನೂ ಸಿಗದಂತಾಗಿ ನಾನು ಮುಂದಕ್ಕೆ ಮುಗ್ಗರಿಸಿದೆ. ತಲೆ ಎತ್ತಿದಾಗ ಅವ್ವ ದಿಬ್ಬದ ತುದಿಯಲ್ಲಿದ್ದಳು. ಆಮೇಲೆ ಕಾಣಲಿಲ್ಲ. ಎಂಜಿನ್ನಿನ ಸದ್ದು ಮಾತ್ರ ಬಹಳ ಹೊತ್ತು ಕೇಳುತ್ತಿತ್ತು.

ಓಣಿಯ ಮೂಲೆಯಲ್ಲಿ ಅಪ್ಪ ಹಾಗೆಯೇ ನಿಂತಿದ್ದ.

“ದಿಬ್ಬಾ ಹತ್ತೀತೇನು?”

“ಹತ್ತೀತು. ನಾನ ನೂಕಿದ್ನೆಪ್ಪಾ.” ಅಷ್ಟು ಹೇಳುವುದರೊಳಗೆ ಅಳು ಒತ್ತಿಕೊಂಡು ಬಂತು. ಅವನ ಗ್ರೀಸಿನ ಅಂಗಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತೆ.

“ಹುಚ್ಚಿ, ಯಾಕ ಅಳ್ತಿ? ಬರ್ತಾಳ, ಸಂಜಿಗೆ ಬರ್ತಾಳ ನಿಮ್ಮವ್ವ,” ಎಂದು ಅಪ್ಪ ಬೆನ್ನು ಸವರಿದ.

ಸಂಜೆಗೆ ಬರುತ್ತಾಳೆಂದು ನನಗೂ ಗೊತ್ತಿತ್ತು. ಅದಕ್ಕಲ್ಲ ನಾನು ಅತ್ತದ್ದು. ಅಷ್ಟು ತಿಂಗಳು ನಾನು ಖುಷಿಯಾಗಿದ್ದದ್ದು ಅವ್ವನಿಗೆ ಗೊತ್ತಿತ್ತು, ಗೊತ್ತಿದ್ದೇ ದಿನಾ ‘ಓ’ ಎಂದಿದ್ದಳು.